ಕೋಷ್ಟಕದಲ್ಲಿಲ್ಲದ ಬಿಸಿ

ನನ್ನ ಗಂಡ ಗುರುಪ್ರಕಾಶ್ ತಮ್ಮ ಊರು ಜಡೆಯಲ್ಲಿ ತೀರಿಕೊಂಡಾಗ ನಾನು ಶಿಕಾರಿಪುರದ ಶಾಲೆಯಲ್ಲಿ ಶಕ್ತಿ ನಾಶವಾಗುವುದಿಲ್ಲ ಎಂದು ಪಾಠ ಹೇಳುತ್ತಿದ್ದೆ. ತಾಯಿಯನ್ನು ನೋಡಿ ಬರುತ್ತೇನೆಂದು ಹೋದವರು, ಎದೆನೋವು ಎಂದು ಮಲಗಿ ಮತ್ತೆ ಏಳಲಿಲ್ಲ. ಸುದ್ದಿ ತಿಳಿದು ಹೊರಟ ನಾನು ಸೊರಬದಲ್ಲಿ ಬಸ್ಸು ಬದಲಿಸುವಾಗ ಜಡೆ ಬಸ್ಸಿನ ಡ್ರೈವರ್ ನಿಧಾನವಾಗಿ ಚಹಾ ಹೀರುತ್ತಿದ್ದ. ತೊಂಬತ್ತನಾಲ್ಕರ ಮಾತಿದು. ಆ ಡ್ರೈವರ್ ಮೇಲಿನ ಸಿಟ್ಟು ಇವತ್ತಿಗೂ ಹೋಗಿಲ್ಲ.

ನಾನು ಮುಟ್ಟಿದಾಗ ಅವರು ತಣ್ಣಗಾಗಿದ್ದರು. ನಮ್ಮ ಪದ್ಧತಿಯಂತೆ ವಿಭೂತಿ ಬಳಿದು ಗೋಡೆಗೆ ಒರಗಿಸಿ ಕೂರಿಸಿದ್ದರು. ಪ್ರಾಣ ಹೋಗುವಾಗ, ಹೋದ ಮೇಲೂ, ಕೈ ಹಿಡಿದು ಕೂತವರು ಅತ್ತೆ ಬಸವಣ್ಣೆಮ್ಮ. ಬಂದವರೆಲ್ಲ ಶಿವನ ಪಾದ ಸೇರಿದ ಎನ್ನುತ್ತಿದ್ದರೆ ನನಗೆ ಮೈ ಉರಿಯುತ್ತಿತ್ತು.

ಅತ್ತೆ ಮಾತ್ರ ಬೇರೆಯೇ ಕೇಳಿದರು. ನಮ್ಮ ಮನೆಗೆ ಬಂದಾಗಲೆಲ್ಲ ಅವರು ಗೋಡೆಯ ಆವರ್ತ ಕೋಷ್ಟಕದ ಮುಂದೆ ನಿಂತು, ಕಬ್ಬಿಣದ್ದು ಯಾವ ಮನೆ, ಬಂಗಾರದ್ದು ಯಾವ ಮನೆ ಎಂದು ವಿಚಾರಿಸುತ್ತಿದ್ದರು.

"ಲೋಕದಾಗಿರೋದೆಲ್ಲ ಆ ಪಟದಾಗೈತೆ ಅಂದಿದ್ದೆಲ್ಲವ್ವ. ಇವನ ಕೈ ಬೆಚ್ಚಗಿತ್ತು. ನಾನು ಹಿಡ್ಕೊಂಡಂಗೇ ಹೋತು. ಆ ಬಿಸಿ ಯಾವ ಮನೇಲೈತೆ?"

"ಬಿಸಿ ಅದ್ರಲ್ಲಿ ಬರಲ್ಲ ಅತ್ತೆ. ಅದು ವಸ್ತು ಅಲ್ಲ, ಶಕ್ತಿ. ನಾಶ ಆಗಲ್ಲ, ತಣ್ಣಗಿರೋ ಕಡೆಗೆ ಹೋಗುತ್ತೆ." ಪಾಠದ ಧಾಟಿಯಲ್ಲೇ ಹೇಳಿದೆ. "ನಿಮ್ಮ ಕೈಗೇ ಬಂದಿರುತ್ತೆ."

ಅತ್ತೆ ಬಲಗೈ ಮುಷ್ಟಿ ಮಾಡಿ ಸೆರಗಿನೊಳಗೆ ಇಟ್ಟುಕೊಂಡರು.

ಗುಂಡಿಯಲ್ಲಿ ಕೂರಿಸಿ ಸುತ್ತ ಉಪ್ಪು ಸುರಿದರು. ನೀರು ಸೋಕಿದರೆ ಸಿಡಿಯುವ ಸೋಡಿಯಂ, ಉಸಿರು ಕಟ್ಟಿಸುವ ಕ್ಲೋರಿನ್, ಎರಡೂ ಸೇರಿದರೆ ಊಟದ ಉಪ್ಪು. ಮಕ್ಕಳಿಗೆ ಇದನ್ನು ಹೇಳುವಾಗ ಎಷ್ಟು ಖುಷಿಪಡುತ್ತಿದ್ದೆ. ಆ ಉಪ್ಪು ಅವರ ಎದೆಮಟ್ಟಕ್ಕೆ ಬಂದಾಗ ಮುಖ ತಿರುಗಿಸಿದೆ. ಎಲ್ಲರೂ ಬಲಗೈಯಲ್ಲಿ ಮಣ್ಣು ಹಾಕಿದರೆ ಅತ್ತೆ ಎಡಗೈಯಲ್ಲಿ ಹಾಕಿದರು.

ಮನೆಗೆ ಬಂದು ಎಲ್ಲರೂ ತಲೆಗೆ ತಣ್ಣೀರು ಹಾಕಿಕೊಂಡೆವು. ಅತ್ತೆ ಬಚ್ಚಲ ಬಾಗಿಲಲ್ಲೇ ನಿಂತುಬಿಟ್ಟರು. ಅವರ ಮೈದುನ ಪರಮಶಿವಪ್ಪ ರೇಗಿದರು.

"ಏನತ್ತಿಗೆ ಇದು, ಮಣ್ಣು ಮಾಡಿ ಬಂದು ಸ್ನಾನ ಇಲ್ದೆ ಒಳಗೆ ಹೋಗ್ತಾರಾ?"

"ನೀರು ಬಿದ್ರೆ ಕೈಯಾಗಿರೋದು ಹೋಗ್ತೈತಪ್ಪ."

ಪರಮಶಿವಪ್ಪ ನನ್ನ ಕಡೆ ತಿರುಗಿದರು. "ಓದಿದೋಳು, ನೀನೇ ಹೇಳಮ್ಮ."

ಹೇಳಬಹುದಿತ್ತು. ಆ ಬಿಸಿ ಅತ್ತೆಯ ಕೈಯಿಂದ ಯಾವಾಗಲೋ ಗಾಳಿಗೆ ಹೋಗಿತ್ತು. ಶಕ್ತಿ ನಾಶವಾಗುವುದಿಲ್ಲ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಹರಡಿಹೋದದ್ದನ್ನು ಮತ್ತೆ ಕೂಡಿಸಲು ಬರುವುದಿಲ್ಲ ಎಂಬುದನ್ನು ಮುಂದಿನ ತರಗತಿಗೆ ಬಿಡುತ್ತೇವೆ. ಆದರೆ ನನಗೆ ಹೊಟ್ಟೆಕಿಚ್ಚಾಗಿತ್ತು. ಗಂಡನ ಕೊನೆಯ ಬಿಸಿಯಲ್ಲಿ ನನಗೆ ಒಂಚೂರೂ ಸಿಕ್ಕಿರಲಿಲ್ಲ.

"ನನಗೆ ಕೊಡಿ ಅತ್ತೆ," ಎಂದು ಒದ್ದೆ ಬಲಗೈ ಚಾಚಿದೆ. "ನನ್ನ ಕೈ ತಣ್ಣಗಿದೆ, ಬರುತ್ತೆ."

ಅವರು ನನ್ನ ಮುಖವನ್ನೇ ನೋಡಿದರು. ಮುಷ್ಟಿ ಬಿಚ್ಚಿ ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ನಿಂತರು.

"ಬಂತಾ?"

"ಬಂತು."

ಅತ್ತೆ ಒಳಗೆ ಹೋಗಿ ತಲೆಗೆ ನೀರು ಹಾಕಿಕೊಂಡರು. ನನ್ನ ಕೈಗೆ ಬಂದದ್ದು ಅತ್ತೆಯ ಬಿಸಿಯೇ ಹೊರತು ಗಂಡನದ್ದಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಪರಮಶಿವಪ್ಪ ಒರೆಸಿಕೊಳ್ಳಲು ಟವೆಲ್ ಕೊಟ್ಟರು. ಎಡಗೈಯಲ್ಲಿ ತೆಗೆದುಕೊಂಡೆ.