ಮಲಗಿದವನ ಅದಲುಬದಲು

ಕೆಳಗೆ ಬ್ಯಾಸ್ಕೆಟ್‌ಬಾಲ್ ಅಂಕಣದಲ್ಲಿ ಯಾರೋ ಬಿಟ್ಟುಹೋದ ಚೆಂಡು ಇನ್ನೂ ಉರುಳುತ್ತಿದೆ, ಗಾಜಿನ ಈಚೆ ಕೂತ ನನಗೆ ಸದ್ದಿಲ್ಲ, ಉರುಳುವುದಷ್ಟೇ ಕಾಣುತ್ತದೆ, ಗೋಡೆಗೆ ತಾಗಿ ನಿಲ್ಲುತ್ತದೆ ಅಂದುಕೊಂಡೆ, ನಿಲ್ಲಲಿಲ್ಲ, ತಿರುಗಿ ನಡುಗೆರೆಯ ಕಡೆಗೇ ಬರುತ್ತಿದೆ — ನೆಲ ಓರೆಯಿದೆಯೇನು, ಇಷ್ಟು ದುಡ್ಡು ಸುರಿದು ಕಟ್ಟಿಸಿದ ತಾಲೀಮು ಮನೆಯ ನೆಲ, ಇರಬಹುದು, ಪಿಟ್ಸ್‌ಬರ್ಗಿನಲ್ಲಿ ಯಾವುದು ನೆಟ್ಟಗಿದೆ, ಊರಿಗೆ ಊರೇ ಗುಡ್ಡದಿಂದ ನದಿಗೆ ಜಾರಿಕೊಂಡು ನಿಂತಿದೆ, ನಮ್ಮಪ್ಪ ಉಕ್ಕಿನ ಕಾರ್ಖಾನೆಗೆ ಇಳಿದುಹೋಗುತ್ತಿದ್ದ ಮೆಟ್ಟಿಲುಗಳೂ ಒಂದರಂತೆ ಒಂದಿರಲಿಲ್ಲ. ಸ್ವಲ್ಪ ಏನಾದ್ರೂ ತಿನ್ನಿ ಲೆನ್, ಅನ್ನುತ್ತಾಳೆ ಮಾರ್ಗಿಟ್, ಹುದ್ದೆಯಲ್ಲಿ ನನ್ನ ಕೈಕೆಳಗಿನವಳು, ಬುದ್ಧಿಯಲ್ಲಿ ಮೇಲಿನವಳು, ಮೀನಿನ ಸ್ಯಾಂಡ್‌ವಿಚ್ಚು ಆಗಿನಿಂದ ಕಾಗದಕ್ಕೆ ಎಣ್ಣೆ ಬಿಟ್ಟುಕೊಂಡು ಕೂತಿದೆ, ತಿನ್ನುತ್ತೇನಮ್ಮ, ಮೂರು ಗಂಟೆಯಾಗಲಿ. ಮೂರಕ್ಕೆ ಬಾಗಿಲು ಮುಚ್ಚುತ್ತದೆ, ಆಮೇಲೆ ಬೇಸಿಗೆಯವರೆಗೆ ಯಾವ ತಂಡವೂ ಯಾವ ಆಟಗಾರನನ್ನೂ ಅದಲುಬದಲು ಮಾಡುವಂತಿಲ್ಲ, ಯಾರು ಎಲ್ಲಿದ್ದಾರೋ ಅಲ್ಲೇ. ತಂಡದ ವ್ಯವಸ್ಥಾಪಕ ನಾನು, ಅಷ್ಟರೊಳಗೆ ನಮ್ಮ ದೊಡ್ಡ ಆಟಗಾರ ಟವಾರಿಸ್ ಬಾಯ್ಕಿನ್‌ನನ್ನು ಕೊಡಬೇಕು, ಅಥವಾ ಕೊಡಬಾರದು. ಮೂರು ಊರಿನವರು ಕೇಳುತ್ತಿದ್ದಾರೆ. ಅವನು ಇದೇ ಕಾರಿಡಾರಿನ ಕೊನೆಯ ಕತ್ತಲೆ ಕೋಣೆಯಲ್ಲಿ ಮಲಗಿದ್ದಾನೆ.

ಮಲಗಲೇಬೇಕು, ಸಂಜೆ ಆಟವಿದೆ, ಆಟದ ದಿನ ಮಧ್ಯಾಹ್ನದ ನಿದ್ದೆ ಅಂದರೆ ನಮ್ಮವರಿಗೆ ಪೂಜೆ ಇದ್ದ ಹಾಗೆ, ಫೋನನ್ನು ಮೂಕಮಾಡಿ, ಪರದೆ ಎಳೆದು, ಆ ಹೊತ್ತಿನಲ್ಲಿ ಬೆಂಕಿ ಬಿದ್ದರೂ ಯಾರೂ ಬಾಗಿಲು ಬಡಿಯುವುದಿಲ್ಲ, ಹೋದ ವರ್ಷ ಬಂದ ಹೊಸ ತರಬೇತುಗಾರ ಒಬ್ಬ ಬಡಿದಿದ್ದ, ಇಡೀ ತಂಡ ವಾರಗಟ್ಟಲೆ ಅವನಿಗೆ ಕೋಳಿ ಅಂತ ಹೆಸರಿಟ್ಟು ಕೂಗಿತ್ತು. ಬೇರೆಯವರು ಮನೆಗೆ ಹೋಗಿ ಮಲಗುತ್ತಾರೆ, ಟವಾರಿಸ್ ಇಲ್ಲೇ, ಕೋಣೆಯಲ್ಲಿ ಒಳ್ಳೆಯ ಉದ್ದನೆಯ ಮಂಚಗಳಿವೆ, ಆಳೆತ್ತರ ನೋಡಿ ಮಾಡಿಸಿದವು, ಅವನಿಗೆ ಅವು ಬೇಡ, ಮೂಲೆಯ ಹಳೆ ಸೋಫಾ ಬೇಕು, ತೋಳಿನ ಮೇಲೆ ಕಾಲು ಹಾಕಿ, ಪಾದಗಳೆರಡೂ ಆಚೆ ಗಾಳಿಯಲ್ಲಿ. ಮಂಚದ ಮೇಲೆ ನಿದ್ದೆ ಬರಲ್ಲ ಮುದುಕಪ್ಪ, ಮೈ ಪೂರ್ತಿ ಹಿಡಿಸಿಬಿಟ್ರೆ ಹೆಣ ಮಲಗಿಸಿದ ಹಾಗಿರತ್ತೆ, ಅನ್ನುತ್ತಾನೆ ನನಗೆ. ನಾನು ಅವನನ್ನು ಮೊಟ್ಟಮೊದಲು ನೋಡಿದ್ದೂ ಪಾದಗಳಿಂದಲೇ. ಜಾರ್ಜಿಯಾದ ಮೇಕನ್ನಿನಲ್ಲಿ, ಅವನ ಅಜ್ಜಿ ಅರ್ನೆಸ್ಟೀನಳ ಮನೆಯಲ್ಲಿ, ಜಾಲರಿ ಬಾಗಿಲು ತೆಗೆದರೆ ಎದುರಿಗೇ ಹೂವಿನ ಬಟ್ಟೆಯ ಸೋಫಾ, ಅದರಾಚೆ ಎರಡು ಪಾದ, ದೋಣಿಯಷ್ಟುದ್ದ, ಅಂಗಾಲು ಬೆಳ್ಳಗೆ, ಮಿಕ್ಕ ಹುಡುಗ ಎಲ್ಲೋ ಫ್ಯಾನಿನ ಗಾಳಿಯಲ್ಲಿ ಹಿಂದೆ. ನಾನು ಆಗ ಊರೂರು ತಿರುಗಿ ಹೊಸಬರನ್ನು ಹುಡುಕುವ ಕೆಲಸದಲ್ಲಿದ್ದೆ, ಸಂಜೆಯ ವಿಮಾನ ಹಿಡಿಯಬೇಕಿತ್ತು. ಅಜ್ಜಿ ಬೆರಳು ತುಟಿಗಿಟ್ಟಳು. ಎಬ್ಬಿಸ್ಬೇಡಪ್ಪ, ಬೆಳೆಯೋ ಮಗು, ಮಲಗಿದೋರನ್ನ ಎಬ್ಬಿಸಿ ಹೇಳೋವಂಥ ಒಳ್ಳೆ ಸುದ್ದಿ ನಾನಂತೂ ಈ ವಯಸ್ಸಿನವರೆಗೆ ಕೇಳಿಲ್ಲ. ಹಂದಿ ಮೂಳೆ ಹಾಕಿ ಬೇಯಿಸಿದ ಸೊಪ್ಪು, ಮೆಕ್ಕೆಜೋಳದ ಬ್ರೆಡ್ಡು, ತಣ್ಣನೆಯ ಸಿಹಿ ಚಹಾ, ಒಂದಾದ ಮೇಲೊಂದು ತಂದಿಟ್ಟಳು, ನಾನು ವಿಮಾನ ಬಿಟ್ಟೆ, ಪಾದ ನೋಡುತ್ತ ಕೂತೆ, ಎಡಗಾಲಿನ ಹೆಬ್ಬೆರಳು ಆಗೊಮ್ಮೆ ಈಗೊಮ್ಮೆ ನೊಣ ಓಡಿಸುವಂತೆ ಅದುರುತ್ತಿತ್ತು. ಮುಂದೆ ಎಲ್ಲರೂ ಕೇಳಿದರು, ದೊಡ್ಡ ದೊಡ್ಡ ಊರು ಬಿಟ್ಟು ನಿಮ್ಮ ಹತ್ತಿರ ಇಷ್ಟು ವರ್ಷ ಹೇಗೆ ನಿಂತ, ಅದಕ್ಕೆ ಅವನೇ ಹೇಳಿದ್ದ, ಬಂದೋರೆಲ್ಲ ನನ್ನ ಎಬ್ಬಿಸಿ ಕೈಕುಲುಕಿದ್ರು, ಈ ಮುದುಕಪ್ಪ ಒಬ್ಬ ಕಾದ.

ಅಜ್ಜಿ ಹೋಗಿ ಆಯಿತು. ಅವಳ ಮಣ್ಣಿಗೆ ನಾನೂ ಹೋಗಿದ್ದೆ, ಚರ್ಚಿನಲ್ಲಿ ಹಾಡುವಾಗ ಟವಾರಿಸ್ ನನ್ನ ಹೆಗಲ ಮೇಲೆ ಕೈಯಿಟ್ಟುಕೊಂಡಿದ್ದ, ಆ ಕೈಯ ಭಾರಕ್ಕೆ ನಾನು ಒಂದು ಪಕ್ಕಕ್ಕೆ ವಾಲಿದ್ದೆ. ಈಗ ಅವನಿಗೂ ವಯಸ್ಸಾಯಿತು, ನಮ್ಮ ಆಟದ ವಯಸ್ಸು, ಬೇರೆ ಕಡೆ ಆದರೆ ಹುಡುಗನೇ. ತಂಡ ಸೋಲುತ್ತಿದೆ. ಅಕ್ಟೋಬರಿನಲ್ಲೇ ಅವನು ನನ್ನ ಕೋಣೆಗೆ ಬಂದು, ಬಾಗಿಲಿಗೆ ತಲೆ ಬಗ್ಗಿಸಿ, ಈಗ ಮಾರ್ಗಿಟ್ ಕೂತಿರುವ ಕುರ್ಚಿಯಲ್ಲೇ ಕೂತು — ಕೊಡೋದಾದ್ರೆ ಕೊಡು ಮುದುಕಪ್ಪ, ನಾನೇನು ಎಳೆಮಗು ಅಲ್ಲ, ಕಸುಬು ನಂಗೂ ಗೊತ್ತು. ಎರಡೇ ಎರಡು ಕೇಳ್ತೀನಿ. ಆಗೋದಾದ್ರೆ ಟ್ಯಾಂಪಾಗೆ ಕಳಿಸು, ಜೂನಿ ಅಲ್ಲಿದಾಳೆ, ಅವಳ ಹಲ್ಲು ಬಿದ್ದಿದ್ದನ್ನೂ ನಾನು ಫೋನಲ್ಲೇ ನೋಡೋದಾಯ್ತು. ಅದಾಗ್ಲಿಲ್ವಾ, ಹೋಗ್ಲಿ ಬಿಡು, ಆದ್ರೆ ಮೊದಲು ನೀನೇ ಬಂದು ನನ್ನ ಮುಖ ನೋಡಿ ಹೇಳ್ಬೇಕು, ಊರಿಗೆಲ್ಲ ಗೊತ್ತಾಗಿ ಕೊನೇಗೆ ನಂಗೆ ಗೊತ್ತಾಗೋದು ಬೇಡ. ಮಗಳು ಬಿಡಿಸಿದ ಚಿತ್ರ ತೋರಿಸಿದ, ತಾಯಿಯ ಜೊತೆ ಇರುವ ಮಗು, ಅಪ್ಪನನ್ನು ಬರೆದಿದ್ದಾಳೆ, ತಲೆ ಪುಟ್ಟದು, ಪಾದ ಕಾಗದದಿಂದ ಆಚೆ ಹೋಗಿವೆ. ಆಗಲಿ ಕಣೋ, ಅಂದೆ. ಎರಡಕ್ಕೂ ಆಗಲಿ ಅಂದೆ.

ಮೂರು ಮಾತು ಬಂದಿವೆ ಅಂದೆನಲ್ಲ. ಸ್ಯಾನ್ ಡಿಯೆಗೊದವರು ಇಬ್ಬರು ಚುರುಕು ಹುಡುಗರನ್ನು ಕೊಡುತ್ತಾರೆ, ಜೊತೆಗೆ ಬರುವ ವರ್ಷಗಳಲ್ಲಿ ಹೊಸಬರನ್ನು ಮೊದಲ ಸುತ್ತಿನಲ್ಲೇ ಆರಿಸುವ ತಮ್ಮ ಸರದಿಗಳನ್ನು, ಒಂದಲ್ಲ ನಾಲ್ಕು. ಕಾನ್ಸಾಸ್ ಸಿಟಿಯವರು ಮೊಣಕಾಲು ಕೊಯ್ಯಿಸಿಕೊಂಡ ಎತ್ತರದ ಆಳೊಬ್ಬನನ್ನು, ಎದ್ದು ನಿಂತರೆ ಬಂಗಾರ, ನಿಲ್ಲದಿದ್ದರೆ ಹೊರೆ. ಟ್ಯಾಂಪಾದವರು ಕೊಡುವುದು ಕಡಮೆ, ಸವೆದ ಆಟಗಾರನೊಬ್ಬ ಮತ್ತು ಒಂದೇ ಒಂದು ಸರದಿ, ಆದರೆ ಅದು ಒಳ್ಳೆಯ ಸರದಿ, ಅದನ್ನು ಹಿಡಿದುಕೊಂಡು ಜನರ ಮುಖ ನೋಡಬಹುದು. ಮೇಜಿನ ಮೇಲಿನ ಫೋನಿನೊಳಗಿಂದ ಮಾಲೀಕ ಪ್ರೆಂಟಿಸ್ ಆ್ಯಕ್ಲಿ ಕೂಗುತ್ತಾನೆ, ಅಪ್ಪ ಕಟ್ಟಿದ ತಂಡ ಮಗನ ಪಾಲಿಗೆ ಬಂದದ್ದು, ಫ್ಲಾರಿಡಾದ ದೋಣಿಯಿಂದ ಮಾತಾಡುತ್ತಾನೆ, ಹಿಂದೆ ಗಾಳಿ. ಯಾಕಯ್ಯಾ ಯೋಚ್ನೆ, ನಾವೇನು ಅನಾಥಾಲಯ ನಡೆಸ್ತಿದೀವಾ, ಬೇಸಿಗೆಗೆ ಅವನ ಕರಾರು ಮುಗಿಯತ್ತೆ, ಕೈಬೀಸಿಕೊಂಡು ಹೋಗ್ತಾನೆ, ಆಗ ನಿನ್ನ ಕೈಲಿ ಏನಿರತ್ತೆ ಲೆನ್, ಅವನು ಬೆವರು ಒರೆಸ್ಕೊಂಡ ಟವಲ್ಲಾ? ಟ್ಯಾಂಪಾ ಬೇಕಾದ್ರೆ ಟ್ಯಾಂಪಾ ಮಾಡು, ನಿನ್ನ ಸೆಂಟಿಮೆಂಟು ನಿಂಗೆ, ಆದ್ರೆ ಬರಿಗೈಲಿ ಮಾತ್ರ ಮೂರು ದಾಟಿಸ್ಬೇಡ. ಅಂದರೆ ಒಪ್ಪಿದ. ಒಪ್ಪಿದ್ದ! ಹಾವೂ ಸಾಯದೆ ಕೋಲೂ ಮುರಿಯದೆ ಕೆಲಸ ಮುಗಿಯುವ ಹಾಗಿತ್ತು, ಟ್ಯಾಂಪಾದ ಡೊರೀನ್ ಸ್ಯಾಕ್ಸ್ ಫೋನಿನಲ್ಲಿದ್ದಳು, ನಾನು ಹೂಂ ಅಂದಿದ್ದರೆ ಸಾಕಿತ್ತು, ಹೂಂ, ಒಂದಕ್ಷರ, ಬಾಯಿ ಕೂಡ ತೆರೆಯಬೇಕಾಗಿರಲಿಲ್ಲ.

ಕೊಸರು ಕೇಳಿದೆ. ಯಾಕೆ ಕೇಳಿದೆ. ಒಂದು ಎರಡನೇ ಸುತ್ತಿನ ಸರದೀನೂ ಹಾಕಿಬಿಡು ಡೊರೀನ್, ಮುಗಿಸೋಣ, ಅಂದೆ — ಎರಡನೇ ಸುತ್ತಿನಲ್ಲಿ ಸಿಗುವವನ ಹೆಸರು ಅವನ ತಾಯಿಗೆ ಬಿಟ್ಟರೆ ಯಾರಿಗೂ ಗೊತ್ತಿರುವುದಿಲ್ಲ, ಬರುತ್ತಾರೆ, ಒಂದು ಶರ್ಟು ಹಾಕಿಕೊಳ್ಳುತ್ತಾರೆ, ಟರ್ಕಿಗೋ ಎಲ್ಲಿಗೋ ಆಡಲು ಹೋಗುತ್ತಾರೆ, ನನಗೆ ಅದು ಬೇಕಿರಲಿಲ್ಲ, ದೇವರಾಣೆ ಬೇಕಿರಲಿಲ್ಲ, ಆದರೆ ನಮ್ಮ ಕಸುಬಿನಲ್ಲಿ ಮೊದಲ ಬೆಲೆಗೆ ಒಪ್ಪಿದವನನ್ನು ನೋಡಿ ಎಲ್ಲರೂ ನಗುತ್ತಾರೆ, ಸೊಪ್ಪು ಕೊಂಡವಳು ಕೊತ್ತಂಬರಿ ಕೇಳುವಂತೆ ಕೇಳಿಯೇ ಬಿಡುತ್ತೇವೆ, ನಾಲಿಗೆಗೆ ಅದೇ ಅಭ್ಯಾಸ. ನಿಂದ್ಯಾವಾಗ್ಲೂ ಇದೇ ಆಯ್ತು ಮಾರಾಯ, ಕೇಳಿ ಹೇಳ್ತೀನಿ ಇರು, ಅಂದಳು ಡೊರೀನ್. ಮಾರ್ಗಿಟ್ ನನ್ನನ್ನು ನೋಡಿದಳು. ನಾವು ಕಾದೆವು. ಕೆಳಗೆ ಯಾರೋ ನೆಲ ಒರೆಸಲು ಬಂದು, ಚೆಂಡನ್ನು ಪಕ್ಕಕ್ಕೆ ತಳ್ಳಿ ಹೋದರು. ಆಮೇಲೆ ಮಾರ್ಗಿಟ್ಟಳ ಕಂಪ್ಯೂಟರಿನ ಪರದೆಯ ಮೇಲೆ ಸುದ್ದಿ ಬಂತು, ಟ್ಯಾಂಪಾ ಮತ್ತು ಕಾನ್ಸಾಸ್ ಸಿಟಿ ತಮ್ಮತಮ್ಮಲ್ಲೇ ಮುಗಿಸಿಕೊಂಡರಂತೆ, ನನಗೆ ಬರಬೇಕಿದ್ದ ಸರದಿ ಕಾನ್ಸಾಸಿಗೆ, ಮೊಣಕಾಲಿನವನು ಟ್ಯಾಂಪಾಗೆ, ನನ್ನ ಎರಡು ಬಾಗಿಲೂ ಒಂದೇ ಸಲ ಮುಚ್ಚಿದವು. ಡೊರೀನ್‌ಗೆ ಫೋನು ಮಾಡಿದೆ. ಕೊಸರು ಬೇಡ ಡೊರೀನ್, ಏನೂ ಬೇಡ, ಬರೀ ಅವನನ್ನ ತಗೋ. ತಡ ಮಾಡ್ಬಿಟ್ಟೆ ಲೆನ್, ನಾನೂ ಒಬ್ರಿಗೆ ಉತ್ತರ ಹೇಳ್ಬೇಕಲ್ವಾ, ಬೇಜಾರು ಮಾಡ್ಕೋಬೇಡ. ಅತಿಯಾಸೆ ಗತಿಗೇಡು ಅನ್ನುವುದಕ್ಕಾದರೂ ಆಸೆಯಿರಬೇಕು, ನನಗೆ ಆಸೆಯೂ ಇರಲಿಲ್ಲ. ಬೇಡದ ಒಂದು ಕಡ್ಡಿಗಾಗಿ ಒಂದು ಮಗುವಿನ ಅಪ್ಪನನ್ನು ದೇಶದ ಆ ತುದಿಗೆ ದಾಟಿಸುತ್ತಿದ್ದೇನೆ.

ಉಳಿದದ್ದು ಸ್ಯಾನ್ ಡಿಯೆಗೊ. ದೇಶದಲ್ಲಿ ಟ್ಯಾಂಪಾದಿಂದ ಅದಕ್ಕಿಂತ ದೂರ ಹೋಗಲಾಗುವುದಿಲ್ಲ, ಹೋದರೆ ನೀರು. ಇಲ್ಲಿಂದಾದರೆ ತಿಂಗಳಿಗೊಮ್ಮೆಯಾದರೂ ಮಗಳ ಹತ್ತಿರ ಹೋಗಿಬರುತ್ತಿದ್ದ. ಬೇಡ ಅನ್ನಬಹುದು, ಇಟ್ಟುಕೊಳ್ಳಬಹುದು, ಬೇಸಿಗೆಗೆ ಅವನೇ ತನ್ನಿಷ್ಟದಂತೆ ಟ್ಯಾಂಪಾಗೆ ಹೋಗಲಿ, ನನ್ನ ಕೈ ಬರಿದಾಗಲಿ, ಕೆಲಸ ಹೋಗಲಿ, ಹೋದರೇನು, ನನಗೂ ಅರವತ್ತು ದಾಟಿತು — ಇದನ್ನು ನಾನು ಯೋಚಿಸಿದೆ, ನಿಜವಾಗಿ ಯೋಚಿಸಿದೆ, ಯೋಚಿಸುತ್ತಿರುವಾಗಲೇ ನನ್ನ ಬಾಯಿ ಸ್ಯಾನ್ ಡಿಯೆಗೊದವನಿಗೆ ಸರಿ ಅನ್ನುತ್ತಿತ್ತು. ಈ ಸಲ ಕೊಸರು ಕೇಳಲಿಲ್ಲ. ಮೊದಲು ಟವಾರಿಸ್‌ಗೆ ಹೇಳಿ ಬನ್ನಿ ಲೆನ್, ಮಾರ್ಗಿಟ್ ಅಂದಳು, ಒಪ್ಪಂದ ಪಕ್ಕಾ ಮಾಡೋ ಲೀಗಿನ ಕರೇನ ನಾನು ತಡೆದಿಟ್ಟಿರ್ತೀನಿ, ಹೋಗಿ. ಹೋದೆ. ಕಾರಿಡಾರಿನ ಗೋಡೆಯುದ್ದಕ್ಕೂ ಅವನ ಪಟಗಳೇ, ಹಾರುತ್ತಿರುವವು, ಒಂದರಲ್ಲೂ ಪಾದ ನೆಲದ ಮೇಲಿಲ್ಲ. ಬಾಗಿಲು ತೆಗೆದೆ. ಕತ್ತಲೆ, ನೋವಿನ ಮುಲಾಮಿನ ವಾಸನೆ, ನಿಧಾನದ ಉಸಿರು, ನನ್ನ ಹಿಂದಿನ ಬೆಳಕು ಸೋಫಾದ ತುದಿಯವರೆಗೆ ಹೋಗಿ ನಿಂತಿತು, ಎರಡು ಪಾದ, ಆಚೆ ಚಾಚಿದವು, ಈಗ ಹಿಮ್ಮಡಿ ಒಡೆದಿದೆ, ಉಗುರೊಂದು ಕಪ್ಪಾಗಿದೆ, ಹೆಬ್ಬೆರಳು ಅದುರಿತು. ಕೈ ಎತ್ತಿದೆ. ಅಲುಗಿಸಿದರೆ ಸಾಕು. ಮಲಗಿದೋರನ್ನ ಎಬ್ಬಿಸಿ ಹೇಳೋವಂಥ ಒಳ್ಳೆ ಸುದ್ದಿ — ಇನ್ನೂ ಆಗಿಲ್ಲವಲ್ಲ, ಅಂದುಕೊಂಡೆ, ಕರೆಯೇ ಮುಗಿದಿಲ್ಲ, ಮುರಿದುಬಿದ್ದರೆ, ಸುಮ್ಮನೆ ಎಬ್ಬಿಸಿ ಎದೆಗೆ ಕಲ್ಲು ಹಾಕಿದಂತಾಗುತ್ತದೆ, ಸಂಜೆ ಆಡಬೇಕಾಗಿ ಬಂದರೆ, ಮಲಗಲಿ, ಮುಗಿಸಿಕೊಂಡು ಬಂದು ಹೇಳಿದರಾಯಿತು, ಎಲ್ಲರಿಗಿಂತ ಮೊದಲು, ಕಾರಿಡಾರು ಎಷ್ಟುದ್ದ ಇದೆ ಮಹಾ. ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡೆ. ಒಳ್ಳೆಯತನ ಅಂದುಕೊಂಡು ಎಳೆದುಕೊಂಡೆ. ಹೆದರಿದ್ದೆ, ಅಷ್ಟೆ.

ಕರೆಯಲ್ಲಿ ಲೀಗಿನ ವಕೀಲೆ ಹೆಸರುಗಳನ್ನು ಓದುತ್ತಾಳೆ, ಅದು ಕ್ರಮ, ಕರೆಯುವ ಹೆಸರಲ್ಲ, ಹುಟ್ಟಿದಾಗ ಬರೆಸಿದ ಪೂರ್ತಿ ಹೆಸರು, ಚರ್ಚಿನಲ್ಲಿ ಮದುವೆಗೆ ಮುಂಚೆ ಓದುವಂತೆ. ಪಿಟ್ಸ್‌ಬರ್ಗಿನಿಂದ ಸ್ಯಾನ್ ಡಿಯೆಗೊಗೆ, ಟವಾರಿಸ್ ಎಮಾನ್ಯುಯೆಲ್ ಬಾಯ್ಕಿನ್. ಎಮಾನ್ಯುಯೆಲ್ ಸೇರಿಸಿ ಕರೆಯುತ್ತಿದ್ದವಳು ಅರ್ನೆಸ್ಟೀನ್ ಒಬ್ಬಳೇ, ಅದೂ ಅವನು ತಪ್ಪು ಮಾಡಿದಾಗ. ಪಿಟ್ಸ್‌ಬರ್ಗ್ ಒಪ್ಪಿದೆಯೇ? ಎಲ್ಲರೂ ಕಾಯುತ್ತಿದ್ದಾರೆ, ಕೆಳಗೆ ಚೆಂಡು ನಡುಗೆರೆಯ ಮೇಲೆ ನಿಂತಿದೆ, ಕೊನೆಗೂ ನಿಂತಿದೆ. ಒಪ್ಪಿದೆ, ಅಂದೆ. ಫೋನಿನೊಳಗಿಂದ ಆ್ಯಕ್ಲಿ ಚಪ್ಪಾಳೆ ತಟ್ಟಿದ, ದೋಣಿಯ ಮೇಲೆ ಯಾರೋ ನಕ್ಕರು. ನಾನು ಎದ್ದೆ, ಸ್ಯಾಂಡ್‌ವಿಚ್ಚು ಕೆಳಗೆ ಬಿತ್ತು. ಲೆನ್, ಅಂದಳು ಮಾರ್ಗಿಟ್, ಅವಳ ಮುಖ ಪರದೆಯ ಬೆಳಕಿನಲ್ಲಿ ಬಿಳಿಚಿದೆ, ಲೆನ್, ಸುದ್ದಿ ಹೊರಗೆ ಬಂದ್ಬಿಟ್ಟಿದೆ, ಎಲ್ಲ ಕಡೆ ಬಂದ್ಬಿಟ್ಟಿದೆ, ಸ್ಯಾನ್ ಡಿಯೆಗೊ ಕಡೆಯಿಂದ ಯಾರೋ ಆಗ್ಲೇ ಹೇಳಿದಾರೆ. ಓಡಿದೆ. ಈ ವಯಸ್ಸಿನಲ್ಲಿ, ಈ ಬೂಟಿನಲ್ಲಿ, ಹಾರುವ ಪಟಗಳ ಕೆಳಗೆ ಓಡಿದೆ, ಫೋನು ಮೂಕವಾಗಿದೆ, ಮೂಕಮಾಡಿಯೇ ಮಲಗುತ್ತಾನೆ, ದೇವರೇ ಮಲಗಿರಲಿ, ಇನ್ನೂ ಮಲಗಿರಲಿ.

ಬಾಗಿಲು ತೆಗೆದೆ. ಸೋಫಾದ ಆ ತುದಿಯಲ್ಲಿ, ತಲೆಯಿರುವ ಕಡೆ, ಸದ್ದಿಲ್ಲದ ಬೆಳಕೊಂದು ಹೊತ್ತಿ ಆರಿ ಹೊತ್ತಿ ಆರಿ, ಫೋನು ನೆಲದ ಮೇಲಿರಲಿಲ್ಲ, ಅವನ ಕೈಯಲ್ಲಿತ್ತು, ಬೆಳಕು ಬಿದ್ದ ಗಲ್ಲ ಕಂಡಿತು, ಪರದೆಯ ಮೇಲೆ ಹಲ್ಲು ಬಿದ್ದ ಪುಟ್ಟ ಮುಖದ ಪಟ, ಜೂನಿ ಕರೆಯುತ್ತಿದ್ದಾಳೆ, ಶಾಲೆ ಬಿಟ್ಟಿದೆ, ಯಾರೋ ಹೇಳಿದ್ದಾರೆ. ಅವನು ಎತ್ತಲಿಲ್ಲ. ನಿಂತು ಮತ್ತೆ ಹೊತ್ತಿತು, ಎತ್ತಲಿಲ್ಲ, ಬೋರಲು ಮಾಡಿ ಎದೆಯ ಮೇಲಿಟ್ಟುಕೊಂಡ, ಕತ್ತಲೆಯಾಯಿತು. ಟವಾರಿಸ್, ಅಂದೆ, ಟವಾರಿಸ್, ನಾನು ಬಂದಿದ್ದೆ ಕಣೋ, ಮೊದಲೇ ಬಂದಿದ್ದೆ, ನೀನು — ಗೊತ್ತು, ಅಂದ ಕತ್ತಲೆಯಿಂದ, ಬಾಗಿಲು ತೆಗೆದಾಗಲೇ ಎಚ್ಚರ ಆಗಿತ್ತು. ನೀನು ಹೇಳ್ತೀಯ ಅಂತ ಕಾದೆ. ನಾನು ಒಳಗೆ ಒಂದು ಹೆಜ್ಜೆ ಇಟ್ಟೆ. ಹೋಗು ಮುದುಕಪ್ಪ, ನಾನಿನ್ನೂ ಮಲಗಿದೀನಿ, ಎಬ್ಬಿಸ್ಬೇಡ. ಕಾರಿಡಾರಿನ ಬೆಳಕು ಸೋಫಾದ ತುದಿಯವರೆಗೆ ಮಾತ್ರ ಬರುತ್ತದೆ, ಅಲ್ಲಿಂದಾಚೆ ಅವನಿಲ್ಲ, ಮುಖವಿಲ್ಲ, ನೋಡಿ ಹೇಳಬೇಕಿದ್ದ ಮುಖವಿಲ್ಲ, ಪಾದಗಳಷ್ಟೇ, ಆಚೆ ಗಾಳಿಯಲ್ಲಿ ಚಾಚಿದ ಎರಡು ಪಾದ, ಹೆಬ್ಬೆರಳು ಅದುರುವುದಿಲ್ಲ, ಪಾದ, ಎರಡು