ಭಟ್ಟಿಯ ಬಟ್ಟೆ

ಮೆಣಸಿನಕಾಯಿ ಅರ್ಧ ಹುರಿದಿತ್ತು, ಅಷ್ಟರಲ್ಲಿ ಗೇಟಿನ ಸದ್ದಾಯಿತು. ಸುನಂದಾ ಸೌಟನ್ನು ಕೆಲಸಕ್ಕೆ ಬರುವ ಪಕ್ಕೀರಮ್ಮನ ಕೈಗೆ ಕೊಟ್ಟು, ಸೆರಗಿನಿಂದ ಮೂಗು ಮುಚ್ಚಿಕೊಂಡೇ ಹಿತ್ತಲಿನಿಂದ ಮುಂದಿನ ಅಂಗಳಕ್ಕೆ ಬಂದಳು. ಪಕ್ಕದ ಮನೆಯ ಚಿದಾನಂದಪ್ಪನವರು ಗೇಟಿನಾಚೆ ನಿಂತು ಒಂದರ ಮೇಲೊಂದು ಸೀನುತ್ತಿದ್ದರು. ಕೈಯಲ್ಲಿ ಒಂದು ಹಾಳೆ, ಜೇಬಿನಲ್ಲಿ ಪೆನ್ನು.

"ಒಳಗ ಬರ್ರಿ ಸರ."

"ಬರಾಕ ಎಲ್ಲಿ ಐತ್ರಿ ದಾರಿ, ಈ ಘಾಟಿನಾಗ?" ಅವರು ಕಣ್ಣೊರೆಸಿಕೊಂಡು ಹಾಳೆಯನ್ನು ಗೇಟಿನ ಮೇಲಿಂದಲೇ ಚಾಚಿದರು. "ಓಣ್ಯಾಗಿನ ಮಂದಿ ಎಲ್ಲಾ ಕೂಡಿ ಬರದೀವಿ. ಮುಂದಿನ ತಿಂಗಳಿಂದ ಮನ್ಯಾಗ ಮಾರಾಟಕ್ಕ ಅಂತ ಅಡಿಗಿ ಮಾಡಂಗಿಲ್ಲ ಅಂತ ಒಪ್ಪಿ ಒಂದ್ ಸಹಿ ಹಾಕಿಬಿಡ್ರಿ. ಇಲ್ಲಾಂದ್ರ ಪಾಲಿಕಿಗೆ ಅರ್ಜಿ ಕೊಡಬೇಕಾಕೈತಿ."

ಸುನಂದಾ ಹಾಳೆಯನ್ನು ಮುಟ್ಟಲಿಲ್ಲ. "ಕೈ ಖಾರ ಐತ್ರಿ" ಎಂದಳು.

"ಈ ರವಿವಾರ ಬಿಟ್ಟು ಮುಂದಿನ ರವಿವಾರ ಮುಂಜಾನಿ ನಮ್ಮ ಮನ್ಯಾಗ ಎಲ್ಲಾರೂ ಕೂಡತೀವಿ. ಅಲ್ಲೇ ಬಂದು ಹಾಕ್ರಿ ಹಂಗಾರ." ಹೋಗುತ್ತಾ ಅವರು ತಿರುಗಿ ನಿಂತರು. "ನಮ್ಮ ಮನ್ಯಾಗ ಹತ್ತು ತಿಂಗಳ ಕೂಸು ಐತ್ರಿ ಸುನಂದಮ್ಮಾರ. ಅದರ ಸಲುವಾಗಾದ್ರೂ ವಿಚಾರ ಮಾಡ್ರಿ."

ಸುನಂದಾ ಬಳ್ಳಾರಿ ಕಂಟೋನ್ಮೆಂಟಿನ ಈ ಮನೆಯ ಹಿತ್ತಲಿನಲ್ಲಿ ಗ್ಯಾಸಿನ ಭಟ್ಟಿ ಹೂಡಿ ಮೂರು ವರ್ಷವಾಗಿತ್ತು. ಕುರುಗೋಡಿನ ತವರಿನಲ್ಲಿ ಕಲಿತದ್ದೇ ಅವಳ ಬಂಡವಾಳ. ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ, ಹಬ್ಬ ಬಂದರೆ ಅಂಟಿನ ಉಂಡೆ, ಕರ್ಚಿಕಾಯಿ. ಮೊದಲು ಬ್ರೂಸ್‌ಪೇಟೆಯ ಒಂದು ಅಂಗಡಿಗೆ ಹೋಗುತ್ತಿತ್ತು. ಈಗ ಸಿರುಗುಪ್ಪದ ದೊಡ್ಡ ಮನೆಯೊಂದರಿಂದ ಬಸುರಿ ಮಗಳ ಕುಬುಸಕ್ಕೆಂದು ಬುಟ್ಟಿಗಟ್ಟಲೆ ಬೇಡಿಕೆ ಬಂದಿತ್ತು. ಹದಿನೈದು ದಿನ ಉಳಿದಿತ್ತು. ರೂಪನಗುಡಿಯಿಂದ ದಿನಾ ಬಸ್ಸಿಗೆ ಬರುವ ಪಕ್ಕೀರಮ್ಮನೂ ಅದನ್ನೇ ನೆಚ್ಚಿಕೊಂಡಿದ್ದಳು.

ಒಳಗೆ ಗಂಡ ಗಾದಿಲಿಂಗಪ್ಪ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದ. ಎಲ್ಲ ಕೇಳಿಸಿತ್ತು ಅವನಿಗೆ.

"ನೆರಿಮನಿ ಜಗಳ ಬ್ಯಾಡ. ಹಾಕಿಬಿಡು ಒಂದ್ ಸಹಿ" ಎಂದ. ಅಷ್ಟು ಹೇಳಲು ಎರಡು ಸಲ ಉಸಿರು ತೆಗೆದುಕೊಂಡ.

ಸುನಂದಾ ಹಿತ್ತಲಿಗೆ ಹೋದಳು.

ಊರಾಚೆಯ ಕಬ್ಬಿಣದ ಕಾರ್ಖಾನೆಯೊಂದರಲ್ಲಿ ಗಾದಿಲಿಂಗಪ್ಪ ಇಪ್ಪತ್ತೆರಡು ವರ್ಷ ಕುಲುಮೆಯ ಫಿಲ್ಟರುಗಳನ್ನು ನೋಡಿಕೊಂಡಿದ್ದ. ಆಳೆತ್ತರದ ಬಟ್ಟೆಯ ಚೀಲಗಳು ಅವು. ಹೊಗೆ ಅವುಗಳೊಳಗೆ ಹಾಯಬೇಕು, ಧೂಳು ಬಟ್ಟೆಗೆ ಅಂಟಿ ಉಳಿಯಬೇಕು, ಗಾಳಿ ಮಾತ್ರ ಚಿಮಣಿಗೆ ಹೋಗಬೇಕು. ಚೀಲ ಬಿಚ್ಚುವುದು, ಕೊಡವುವುದು, ಹರಿದದ್ದನ್ನು ಹೊಲಿಯುವುದು ಅವನ ಪಾಲಿನ ಕೆಲಸ. ಕೊಡವಿದ ಧೂಳಿನಲ್ಲಿ ಎಷ್ಟು ಎಲ್ಲಿಗೆ ಹೋಗಿತ್ತೆಂಬುದು ನಾಲ್ಕು ವರ್ಷದ ಹಿಂದೆ ಎಕ್ಸ್‌ರೇಯಲ್ಲಿ ಕಂಡಿತು. ಕಾರ್ಖಾನೆಯವರು ಚಹಾ ಕೊಟ್ಟು ಕೂರಿಸಿ ಒಂದು ಹಾಳೆ ಮುಂದಿಟ್ಟರು. ಈ ಕಾಯಿಲೆಗೂ ಇಲ್ಲಿನ ಕೆಲಸಕ್ಕೂ ಸಂಬಂಧವಿಲ್ಲವೆಂದು ಅದರಲ್ಲಿ ಬರೆದಿತ್ತು. ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಸುನಂದಾ ಓದಿ, ಅವನ ಮೊಣಕೈ ಹಿಡಿದಿದ್ದಳು. ಅವನು ಮೆಲ್ಲಗೆ ಕೈ ಬಿಡಿಸಿಕೊಂಡು ಸಹಿ ಹಾಕಿದ್ದ. ಆ ದಿನದ ಮಾತನ್ನು ಇಬ್ಬರೂ ಮತ್ತೆ ಎತ್ತಿರಲಿಲ್ಲ.

ಸಂಜೆ ಅವಳು ಪಕ್ಕದ ಮನೆಗೆ ಹೋದಳು. ಚಿದಾನಂದಪ್ಪನವರು ವಾಕಿಂಗಿಗೆ ಹೋದ ಹೊತ್ತು. ಸೊಸೆ ಶೀಲಾ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲು ತೆರೆದಳು.

"ಖರೇ ಹೇಳು ತಂಗಿ. ನಿಮ್ಮ ಮಾವನ ಮಾತು ಬಿಡು. ನನ್ನ ಘಾಟಿಗೆ ಕೂಸು ಕೆಮ್ಮತೈತೇನು?"

ಶೀಲಾ ಕೂಸನ್ನು ಇನ್ನೊಂದು ಬದಿಗೆ ಎತ್ತಿಕೊಂಡಳು. "ಸುಳ್ಳು ಯಾಕ ಹೇಳಲಿ ಅಕ್ಕಾರ, ಕೆಮ್ಮತೈತಿ. ಮೆಣಸಿನಕಾಯಿ ಹುರದ ದಿನ ಕಿಟಕಿ ಹಾಕಿದ್ರೂ ಬರತೈತಿ. ಮೊನ್ನಿ ಅತ್ತು ಅತ್ತು ಹಾಲೂ ಕುಡೀಲಿಲ್ಲ."

ಇಲ್ಲವೆನ್ನುತ್ತಾಳೆ ಎಂದು ನಂಬಿಕೊಂಡು ಬಂದಿದ್ದ ಸುನಂದಾ ಕೂಸಿನ ಪಾದವನ್ನೊಮ್ಮೆ ಹಿಡಿದು ಬಿಟ್ಟು ಮನೆಗೆ ಬಂದಳು. ಅಡುಗೆಮನೆಯ ಕತ್ತಲಲ್ಲಿ ದೀಪ ಹಾಕದೆ ನಿಂತಳು. ಸಿಟ್ಟಿತ್ತು, ಆದರೆ ಯಾರ ಮೇಲೆ ತೀರಿಸಿಕೊಳ್ಳಬೇಕೆಂದು ತಿಳಿಯಲಿಲ್ಲ. ಕೊನೆಗೆ ಗಂಡನ ಮಂಚದ ಬಳಿ ಹೋದಳು.

"ಏಳ್ರಿ. ನೀವು ಇಪ್ಪತ್ತೆರಡು ವರ್ಷ ಮಾಡಿದ ಕೆಲಸ ಐತಿ. ನನ್ನ ಭಟ್ಟಿಗೊಂದು ಫಿಲ್ಟರ್ ಮಾಡಿಕೊಡ್ರಿ."

ಅವನು ನಕ್ಕ, ನಗು ಕೆಮ್ಮಾಯಿತು. "ಹುಚ್ಚಿ. ಚಟ್ನಿಗೆ ಯಾರರೇ ಫಿಲ್ಟರ್ ಹಾಕ್ತಾರೇನ?"

"ಯಾರೂ ಹಾಕದಿದ್ರ ನಾ ಹಾಕ್ತೀನಿ. ಆ ಕೂಸು ಕೆಮ್ಮಬಾರದು. ನಾನೂ ಭಟ್ಟಿ ಆರಸಂಗಿಲ್ಲ. ಎರಡೂ ಆಗಬೇಕು."

ಮರುದಿನ ಮುಂಜಾನೆ ಅವಳು ಭಟ್ಟಿಯ ಮೇಲೆ ನೀರು ಕಾಯಿಸಲು ಬಂದಾಗ ಗಾದಿಲಿಂಗಪ್ಪ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಇದ್ದಿಲಿನಿಂದ ಗೋಡೆಯ ಮೇಲೆ ಗೆರೆ ಎಳೆಯುತ್ತಿದ್ದ. ಬಹಳ ದಿನಗಳ ಮೇಲೆ ಅವನು ಹಿತ್ತಲಿಗೆ ಬಂದದ್ದು.

ತಗಡಿನ ಕೆಲಸದವನು ಭಟ್ಟಿಯ ಮೇಲೆ ಬೋರಲು ಹಾಕಿದ ಬುಟ್ಟಿಯಂಥ ಗೂಡು ಮಾಡಿಕೊಟ್ಟ. ಅದರೊಳಗೆ ಎಣ್ಣೆ ಹಿಡಿಯಲು ಜಾಲರಿ, ಹೊಗೆ ಎಳೆಯಲು ಫ್ಯಾನು, ಮಾಳಿಗೆಯ ಮೇಲಕ್ಕೆ ಒಯ್ಯಲು ಉದ್ದದ ಕೊಳವೆ. ನಡುವೆ ಬಿಗಿಯುವ ದಪ್ಪ ಬಟ್ಟೆಯ ಚೀಲವನ್ನು ಗಾದಿಲಿಂಗಪ್ಪ ತಾನೇ ಹೊಲಿದ, ಒಂದು ಅಂಚಿಗೆ ಒಂದು ಮುಂಜಾನೆ ಹಿಡಿಯಿತು. ಭಟ್ಟಿಯ ಎದುರಿನ ಕಿಟಕಿಗೂ ಒಂದು ಬಿಳಿ ಬಟ್ಟೆ ಬಿಗಿದ, ಹೊರಗಿನ ಧೂಳು ಕರ್ಚಿಕಾಯಿಯ ಮೇಲೆ ಕೂರದಿರಲೆಂದು.

"ಫಿಲ್ಟರ್ ಹಾಕೋದು ದೊಡ್ಡ ಮಾತಲ್ಲ" ಎಂದು ಚೀಲದ ಬಟ್ಟೆ ತೋರಿಸಿ ಪಕ್ಕೀರಮ್ಮನಿಗೆ ಹೇಳಿಕೊಟ್ಟ. "ತೊಳಿಯೋದು ದೊಡ್ಡದು. ತುಂಬಿದ ಅರಿವಿ ಹೊಗಿ ತಡಿಯಂಗಿಲ್ಲ, ತಿರುಗಿ ನಿಮ್ಮ ಮಾರಿಗೇ ಬಿಡತೈತಿ. ಹಸಿ ಅರಿವೀನೂ ಹಾಕಬಾರದು. ತೊಳದು, ಗರಿಗರಿ ಒಣಗಿಸಿ ಹಾಕಬೇಕು. ಕೊಡವೋ ಮುಂದ ಬಾಯಿ ಮೂಗು ಕಟ್ಟಿಕೋ. ನನ್ನಂಗ ಆಗಬ್ಯಾಡ."

ಘಾಟು ಪೂರ್ತಿ ಹೋಗಲಿಲ್ಲ. ಆದರೆ ಆ ವಾರ ಮೆಣಸಿನಕಾಯಿ ಹುರಿದ ಎರಡು ದಿನವೂ ಸುನಂದಾ ಪಕ್ಕದ ಗೋಡೆಗೆ ಕಿವಿಗೊಟ್ಟಳು. ಕೆಮ್ಮು ಕೇಳಲಿಲ್ಲ.

ರವಿವಾರ ಅವಳು ಹೊರಟಾಗ ಗಾದಿಲಿಂಗಪ್ಪ ಒಗೆದ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದ. "ನಾನೂ ಬರತೀನಿ" ಎಂದ. ಬೇಡವೆನ್ನಬೇಕೆಂದುಕೊಂಡವಳು ಅವನ ಚಪ್ಪಲಿಯನ್ನು ಮುಂದಕ್ಕೆ ಸರಿಸಿದಳು.

ಚಿದಾನಂದಪ್ಪನವರ ಪಡಸಾಲೆಯಲ್ಲಿ ಎಂಟು ಹತ್ತು ಜನ ಕೂತಿದ್ದರು. ಮೇಜಿನ ಮೇಲೆ ಹಾಳೆ, ಅದರ ಮೇಲೆ ಪೆನ್ನು. ಒಳಬಾಗಿಲಲ್ಲಿ ಶೀಲಾ ಕೂಸಿನೊಡನೆ ನಿಂತಿದ್ದಳು. ಸುನಂದಾ ಕೈಚೀಲದಿಂದ ಎರಡು ಬಟ್ಟೆ ತೆಗೆದು ಹಾಳೆಯ ಪಕ್ಕದಲ್ಲಿ ಹರಡಿದಳು. ಒಂದು ಎಣ್ಣೆ ಕುಡಿದು ಹಳದಿ ಕೆಂಪಾಗಿತ್ತು, ಒಂದು ಮಸಿಯಲ್ಲಿ ಅದ್ದಿ ತೆಗೆದಂತೆ ಕಪ್ಪಾಗಿತ್ತು.

"ಈ ಹಳದಿ ಅರಿವಿ ನನ್ನ ಭಟ್ಟೀದು. ನಿಮ್ಮ ಮನಿಗೆ ಬರೋದನ್ನ ಹಿಡದು ಇಟ್ಟೈತಿ. ಈ ಕರಿದು ನನ್ನ ಕಿಟಕೀದು. ಎಂಟು ದಿನದ ಹಿಂದ ಬಿಳಿ ಇತ್ತು. ಹೊರಗಿಂದ ನನ್ನ ಮನಿಗೆ ಬಂದಿದ್ದು ಇದು."

ಯಾರೋ ಬಗ್ಗಿ ಕಪ್ಪು ಬಟ್ಟೆಯನ್ನು ಬೆರಳಿನಿಂದ ಉಜ್ಜಿ, ಬೆರಳನ್ನು ನೋಡಿಕೊಂಡರು.

"ಊರ ಧೂಳಿಗೆ ನಾವೇನು ಮಾಡೂಣ್ರಿ?" ಎಂದರು ಚಿದಾನಂದಪ್ಪನವರು. "ಅದು ಬ್ಯಾರೆ ಮಾತು. ಮನಿ ಅಂದ್ರ ಮನಿ ಇರಬೇಕು, ಕಾರ್ಖಾನಿ ಆಗಬಾರದು."

"ಕಾರ್ಖಾನಿ ಧೂಳು ನಿಮ್ಮ ಮಾಳಿಗಿ ಮ್ಯಾಲೆ ದಿನಾ ಬೀಳತೈತಿ. ಅವರ ಗೇಟಿಗೆ ಹಾಳಿ ಹಿಡಕೊಂಡು ಯಾರು ಹೋಗೀರಿ ಸರ? ಹೋಗ್ರಿ, ಬರೀರಿ ಅರ್ಜಿ, ಮೊದಲ ಸಹಿ ನಂದು." ಅವಳ ದನಿ ಏರಿತ್ತು, ತಾನೇ ಇಳಿಸಿಕೊಂಡಳು. "ಕೂಸಿಗೆ ತ್ರಾಸ ಆಗಿದ್ದು ಖರೇ. ಅದು ನನ್ನ ತಪ್ಪು, ಒಪ್ಪತೀನಿ. ಇನ್ನ ಮ್ಯಾಲೆ ಯಾರಿಗರೇ ಘಾಟು ಬಂದ್ರ ನನ್ನ ಬಾಗಿಲಾ ಬಡೀರಿ. ನಿಂತ ಕಾಲ ಮ್ಯಾಲೆ ಭಟ್ಟಿ ಆರಸ್ತೀನಿ, ಅರಿವಿ ತೊಳೀತೀನಿ, ಆಮ್ಯಾಲೆ ಹಚ್ಚತೀನಿ. ಬಿಟ್ಟುಬಿಡು ಅಂದ್ರ ಮಾತ್ರ ಬಿಡಂಗಿಲ್ಲ."

ಚಿದಾನಂದಪ್ಪನವರು ಅವಳನ್ನು ದಾಟಿ ನೋಡಿದರು. ಪೆನ್ನನ್ನು ಗಾದಿಲಿಂಗಪ್ಪನ ಕಡೆಗೆ ಸರಿಸಿದರು. "ನೀವು ಮನಿ ಯಜಮಾನ್ರು. ತಿಳದವರು. ನೀವರೇ ಹಾಕ್ರಿ, ಮುಗೀತು."

ಸುನಂದಾ ಗಂಡನತ್ತ ನೋಡಲಿಲ್ಲ. ಮೊಣಕೈ ಹಿಡಿಯಲಿಲ್ಲ. ಮೇಜಿನ ಅಂಚನ್ನೇ ದಿಟ್ಟಿಸಿ ನಿಂತಳು.

ಗಾದಿಲಿಂಗಪ್ಪ ಪೆನ್ನು ಎತ್ತಿಕೊಂಡ. ಕ್ಯಾಪು ತೆಗೆದ. ಮೇಲಿನಿಂದ ಕೆಳಗಿನವರೆಗೆ ಹಾಳೆಯನ್ನು ಓದಿದ. ಪಡಸಾಲೆಯಲ್ಲಿ ಅವನ ಉಸಿರಿನ ಸದ್ದೊಂದೇ ಇತ್ತು. ಆಮೇಲೆ ಕ್ಯಾಪು ಹಾಕಿ ಪೆನ್ನನ್ನು ಹಾಳೆಯ ಮೇಲೆ ಮೊದಲಿದ್ದಂತೆಯೇ ಇಟ್ಟ.

"ಒಮ್ಮಿ ಹಾಕೀನ್ರಿ ಇಂಥಾದ್ಕ" ಎಂದ. "ಸಾಕು."

ಬಟ್ಟೆಗಳನ್ನು ಅವನೇ ಮಡಚಿ ಕೈಚೀಲಕ್ಕೆ ತುಂಬಿದ. ಬೀದಿಯಲ್ಲಿ ಅರ್ಧ ದಾರಿಗೆ ಉಸಿರು ಕಟ್ಟಿ ಅವನು ನಿಲ್ಲಬೇಕಾಯಿತು. ಪಡಸಾಲೆಯವರೆಲ್ಲ ನೋಡುತ್ತಿದ್ದರು. ಸುನಂದಾ ಪಕ್ಕದಲ್ಲಿ, ಅವರಿಗೆ ಮುಖ ಕೊಟ್ಟು, ಅವನ ಉಸಿರು ಮರಳುವವರೆಗೆ ನಿಂತಳು.

ಕುಬುಸದ ಬುಟ್ಟಿಗಳು ಹೇಳಿದ ದಿನಕ್ಕೆ ಸಿರುಗುಪ್ಪಕ್ಕೆ ಹೋದವು. ಓಣಿಯವರ ಅರ್ಜಿ ಪಾಲಿಕೆಗೆ ಹೋಯಿತು. ಅಲ್ಲಿಂದ ಒಬ್ಬರು ಬಂದು, ಗೂಡಿನೊಳಗೆ ಇಣುಕಿ, ಕೊಳವೆಯನ್ನು ನೋಡಿ, ಏನೋ ಬರೆದುಕೊಂಡು ಹೋದರು. ತೀರ್ಮಾನವೇನೆಂದು ಇನ್ನೂ ತಿಳಿದಿರಲಿಲ್ಲ. ಚಿದಾನಂದಪ್ಪನವರು ಎದುರಾದರೆ ಮಾತಾಡುತ್ತಿರಲಿಲ್ಲ. ಸುನಂದಾ ಮಾತ್ರ ದಿನಾ "ಶರಣ್ರಿ ಸರ" ಎನ್ನುವುದನ್ನು ಬಿಡಲಿಲ್ಲ.

ಮುಂದಿನ ತಿಂಗಳ ಒಂದು ಗುರುವಾರ, ಹನ್ನೊಂದರ ಹೊತ್ತಿಗೆ, ಬಾಣಲೆಯಲ್ಲಿ ಮೆಣಸಿನಕಾಯಿ ಬಣ್ಣ ತಿರುಗುತ್ತಿದ್ದಾಗ ಕಾಂಪೌಂಡಿನ ಆಚೆಯಿಂದ ಶೀಲಾ ಕೂಗಿದಳು.

"ಅಕ್ಕಾರ, ಇವತ್ತ ಸ್ವಲ್ಪ ಬರಾಕತ್ತೈತ್ರಿ."

ಇನ್ನೆರಡು ನಿಮಿಷ ಹುರಿದಿದ್ದರೆ ಆ ಬಾಣಲೆ ಮುಗಿಯುತ್ತಿತ್ತು. ಪಕ್ಕೀರಮ್ಮ ಸೌಟು ಹಿಡಿದು ಮುಖ ನೋಡಿದಳು. ಸುನಂದಾ ಬಗ್ಗಿ ಗ್ಯಾಸಿನ ಕೀಲಿ ತಿರುವಿದಳು. ನೀಲಿ ಉರಿ ಸುತ್ತಲೂ ಒಮ್ಮೆ ನೆಗೆದು ಆರಿತು.

ಗಾದಿಲಿಂಗಪ್ಪ ಮೂಗಿಗೆ ಟವೆಲು ಕಟ್ಟಿಕೊಂಡು ಬಂದ. ಅವನು ತೋರಿಸಿದಂತೆ ಪಕ್ಕೀರಮ್ಮ ಸ್ಟೂಲು ಹತ್ತಿ ಚೀಲ ಬಿಚ್ಚಿದಳು. ಬಿಸಿನೀರು, ಸೋಪಿನ ಪುಡಿ ಹಾಕಿ ತಿಕ್ಕಿದರು. ಕೆಂಪು ನೀರು ಮೋರಿಗೆ ಹರಿಯಿತು. ಹಿತ್ತಲಿನಲ್ಲಿ ಆಗ ನೆರಳು. ಸುನಂದಾ ಹಿಂಡಿದ ಬಟ್ಟೆಯನ್ನು ತಂದು, ಓಣಿಗೆಲ್ಲ ಕಾಣುವಂತೆ ಮುಂದಿನ ಗೇಟಿನ ಮೇಲೆ ಉದ್ದಕ್ಕೆ ಹರವಿದಳು.

"ಎಷ್ಟೊತ್ತು ಆಕೈತ್ರಿ?" ಎಂದು ಒಳಗಿನಿಂದ ಪಕ್ಕೀರಮ್ಮ ಕೇಳಿದಳು.

"ಬಳ್ಳಾರಿ ಬಿಸಲು. ಅರ್ಧ ತಾಸು."

ಅವಳು ಮೆಟ್ಟಿಲ ಮೇಲೆ ಕೂತಳು. ಗೇಟಿನಿಂದ ಹನಿ ತೊಟ್ಟಿಕ್ಕಿ ಬಿಸಿ ಕಲ್ಲಿನ ಮೇಲೆ ಬಿದ್ದ ಕೂಡಲೇ ಆರಿಹೋಗುತ್ತಿತ್ತು.