ನಾಲ್ಕನೇ ಜ್ವರ

೨೦೦೫ರ ಆಗಸ್ಟ್ ೧೧, ಗುರುವಾರ, ಬೆಳಗ್ಗೆ ೯ ಗಂಟೆ ೧೦ ನಿಮಿಷ. ರೈತರಿಗೆ ಮರಿ ರೇಷ್ಮೆಹುಳು ಮಾರುವ ಕಂಪನಿಯ ರಾಮನಗರದ ಕಚೇರಿಯಲ್ಲಿ ಲತಾಮಣಿ, ಪರದೆಯ ಮೇಲೆ ಪೆನ್ನಿನಿಂದ ಬರೆಯುವ ಹೊಸ ಟ್ಯಾಬ್ಲೆಟ್ಟಿನ ಚಾರ್ಜರ್ ಕಿತ್ತು, ವೇಳೆ ಬರೆದುಕೊಂಡಳು. ಲ್ಯಾಪ್‌ಟಾಪ್ ಬದಲು ಇದನ್ನೇ ಕೊಳ್ಳಬಹುದೇ ಎಂದು ಪರೀಕ್ಷಿಸಿ ಹೇಳಬೇಕಾದವಳು ಅವಳು. ಮ್ಯಾನೇಜರ್ ಮನೋಹರ್ ಹಾಕಿದ ಷರತ್ತು ಒಂದೇ: ಆರಿಸದೆ, ನಡುವೆ ಚಾರ್ಜ್ ಮಾಡದೆ ಐದು ಗಂಟೆ ನಡೆಯಬೇಕು.

ನಡೆದರೆ ಅದನ್ನು ಹಿಡಿದು ಕನಕಪುರದ ಕಡೆಯ ಹಳ್ಳಿಗಳನ್ನು ತಿರುಗುವ ಕೆಲಸ ಅವಳ ಪಾಲಿಗೆ. ಬಿ.ಎಸ್ಸಿ. ಓದಿ ಬಂದ ಲತಾಮಣಿ ನಾಲ್ಕು ವರ್ಷದಿಂದ, ರೈತರ ಮನೆಯ ಹುಳು ನೋಡಲು ಊರೂರು ತಿರುಗಿದವರ ನೋಟ್‌ಬುಕ್ಕುಗಳನ್ನು ಲ್ಯಾಪ್‌ಟಾಪಿಗೆ ಏರಿಸುತ್ತ ಕೂತಿದ್ದಳು. ಯಾವ ಮನೆಯಲ್ಲಿ ಎಷ್ಟು ತಟ್ಟೆ, ಎಷ್ಟು ಶಾಖ ಎಲ್ಲವೂ ಗೊತ್ತು. ಆ ಮನೆಗಳ ಹೊಸ್ತಿಲು ಮಾತ್ರ ತುಳಿದಿರಲಿಲ್ಲ. ಹಸಿದ ಹುಳುಗಳು ಸೊಪ್ಪು ಮೇಯುವಾಗ ಮನೆಯೆಲ್ಲ ಸದ್ದಾಗುತ್ತದಂತೆ. ಆ ಸದ್ದನ್ನು ಒಮ್ಮೆ ಕೇಳಬೇಕು ಎಂಬುದು ಅವಳ ಬಹಳ ದಿನದ ಆಸೆ.

ಹಿರಿಯ ಇನ್‌ಸ್ಪೆಕ್ಟರ್ ಹನುಮಂತಯ್ಯನ ಬೈಕಿನ ಹಿಂದೆ ಟ್ಯಾಬ್ಲೆಟ್ಟನ್ನು ಎದೆಗವಚಿಕೊಂಡು ಕೂತಳು.

"ಬಿಗಿಯಾಗಿ ಇಡ್ಕಳವ್ವ ಸ್ಲೇಟ್ನ. ಬಳಪ ಗಿಳಪ ಬಿದ್ದೋದಾತು," ಎಂದ ಹನುಮಂತಯ್ಯ.

ಕೋಡಿಹಳ್ಳಿ ತಲುಪಿ ಎರಡು ಮನೆ ಮುಗಿಸುವಷ್ಟರಲ್ಲಿ ಒಂದು ತೊಡಕು ತಿಳಿಯಿತು. ಅಂಗಳದ ಬಿಸಿಲಲ್ಲಿ ಪರದೆ ಏನೂ ಕಾಣದು. ಬೆಳಕನ್ನು ಪೂರ್ತಿ ಏರಿಸಿದರೆ ಮಾತ್ರ ಅಕ್ಷರ ಮೂಡುತ್ತಿತ್ತು. ಏರಿಸಿದಳು.

ಮೂರನೆಯದು ಅಂಬುಜಮ್ಮನ ಮನೆ. "ಚಪ್ಲಿ ಅಲ್ಲೇ ಬುಟ್ಟು, ಕೈ ತೊಳ್ಕಂಡು ಬನ್ನಿ. ಹುಳ ಜ್ವರಕ್ಕೆ ಕೂತವೆ, ಒಸಿ ಮೆತ್ತಗೆ," ಎಂದಳು ಅಂಬುಜಮ್ಮ.

ತಟ್ಟೆಗಳ ಮೇಲೆ ಸಾವಿರಾರು ಹುಳುಗಳು ತಲೆಯೆತ್ತಿ ಅಲುಗಾಡದೆ ನಿಂತಿದ್ದವು. ಸದ್ದೇ ಇಲ್ಲ. ಲತಾಮಣಿ ಪೆನ್ನಿನಿಂದ 'ಫೀವರ್' ಎಂಬಲ್ಲಿ ಗುರುತು ಹಾಕಿದಳು. ತಕ್ಷಣ ಪರದೆ ಕೆಂಪಾಗಿ, ಹುಳುಗಳಿಗೆ ರೋಗ ತಗುಲಿದೆ, ಎಲ್ಲವನ್ನೂ ಸುಟ್ಟುಹಾಕಿ ಎಂದಿತು.

ಹನುಮಂತಯ್ಯ ಬಗ್ಗಿ ನೋಡಿ ನಕ್ಕುಬಿಟ್ಟ. "ಅಂಬುಜಕ್ಕ, ನಿನ್ ಹುಳನೆಲ್ಲ ಸುಡ್ಬೇಕಂತೆ!"

"ಅದ್ಯಾವನ್ಲಾ ಹಂಗಂದೋನು? ಪೊರೆ ಬುಡೋ ಜ್ವರಕ್ಕೂ ರೋಗಕ್ಕೂ ವೆತ್ಯಾಸ ತಿಳೀದೋನು!"

ಹೆಡ್ಡಾಫೀಸಿನವರು 'ಜ್ವರ' ಎಂಬ ಹಳ್ಳಿಯ ಮಾತನ್ನು ಇಂಗ್ಲಿಷಿಗೆ ತಿರುಗಿಸಿ, ರೋಗಗಳ ಪಟ್ಟಿಗೆ ಸೇರಿಸಿಬಿಟ್ಟಿದ್ದರು. ಇದು ತಿದ್ದಬಹುದಾದ ತಪ್ಪು. ಲತಾಮಣಿ ಬರೆದುಕೊಂಡಳು.

"ಇದು ನಾಕ್ನೇ ಜ್ವರ ಕಣವ್ವ. ನಾಳೆ ವತ್ತಾರೆ ಎದ್ಬುಡ್ತವೆ," ಎಂದಳು ಅಂಬುಜಮ್ಮ. "ಸೊಪ್ಪಾಕುದ್ರೆ ಹೆಂಗೆ ತಿಂತವೆ ಅಂತೀರಿ! ಮಾತಾಡುದ್ರೆ ಕೇಳಾಕಿಲ್ಲ. ಬನ್ನಿ ನಾಳೆ."

"ಬರ್ತೀನಿ" ಎನ್ನಲು ಲತಾಮಣಿ ಬಾಯಿ ತೆರೆದಳು. ಅಷ್ಟರಲ್ಲಿ ಬ್ಯಾಟರಿ ಮುಗಿದು ಕೈಯಲ್ಲಿದ್ದ ಪರದೆ ಕಪ್ಪಾಯಿತು. ಗಡಿಯಾರ ನೋಡಿಕೊಂಡಳು. ಊರಿನಲ್ಲಿ ಕರೆಂಟೂ ಇರಲಿಲ್ಲ. ಉಳಿದ ಮನೆಗಳನ್ನು ಹನುಮಂತಯ್ಯ ತನ್ನ ನೋಟ್‌ಬುಕ್ಕಿನಲ್ಲೇ ಮುಗಿಸಿದ.

ಸಂಜೆ ಮನೋಹರ್ ಅವಳ ಮೇಜಿನ ಬಳಿ ಬಂದು ನಿಂತರು. "ಐದು ಗಂಟೆ ಅಂತಲೇ ಹಾಕಿಬಿಡಿ ಲತಾಮಣಿ. ಟ್ಯಾಬ್ಲೆಟ್ ಮಾಡಿದ ಕಂಪನಿಯ ಕಾಗದದಲ್ಲೂ ಐದೇ ಇದೆ. ನಿಮಗೂ ಅದೇ ತಾನೆ ಬೇಕಾಗಿರೋದು?"

ಬೇಕಾಗಿತ್ತು. ಬೆಳಗಾಗುತ್ತಲೇ ಕೋಡಿಹಳ್ಳಿಯ ಹುಳುಗಳು ಎದ್ದು ಮೇಯತೊಡಗುತ್ತವೆ. ನಿಜ ಬರೆದರೆ, ಹೋಗಿ ಕೇಳುವವರು ಬೇರೆ ಯಾರೋ. ಬಂದು ಅವರು ಬರೆಯುವುದು 'ಜ್ವರದಿಂದ ಎದ್ದಿವೆ' ಎಂದಷ್ಟೆ. ಅದನ್ನು ಲ್ಯಾಪ್‌ಟಾಪಿಗೆ ಏರಿಸಬೇಕಾದವಳು ಇವಳು. ಆದರೆ ಐದು ಎಂಬ ಅಂಕಿಯನ್ನು ನಂಬಿ ಹೊರಟವರ ಕೈಯಲ್ಲಿ ನಡುಹಾದಿಯಲ್ಲೇ ಪರದೆ ಆರುತ್ತದೆ.

ಚಾರ್ಜರ್ ಕಿತ್ತ ಬೆಳಗಿನ ವೇಳೆಯನ್ನು, ಪರದೆ ಆರಿದ ಮಧ್ಯಾಹ್ನದ ೧೨ ಗಂಟೆ ೨೮ ನಿಮಿಷದಿಂದ ಎರಡು ಸಲ ಕಳೆದು ನೋಡಿದಳು. ಎರಡು ಸಲವೂ ಅದೇ ಬಂತು. ವರದಿಯ ಖಾಲಿ ಜಾಗದಲ್ಲಿ ಬರೆದಳು:

ಬ್ಯಾಟರಿ ನಡೆದ ಅವಧಿ, ೩ ಗಂಟೆ ೧೮ ನಿಮಿಷ.